ಭಟ್ಟಿ ಮಾಸ್ಟರ್ ನುಂಗಿದ ಮಾತ್ರೆ

ನನ್ನ ಅಕ್ಕನ ಗಂಡ ಬೇಕರಿಯಲ್ಲಿ ಭಟ್ಟಿ ಮಾಸ್ಟರ್ ಆಗಿದ್ದರು. ಭಟ್ಟಿ ಅಂದರೆ ಬ್ರೆಡ್ಡು ಬೇಯಿಸುವ ಇಟ್ಟಿಗೆಯ ಗೂಡು. ಆರಿದ ದಿನ ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗಿ ಮಲಗಬಹುದು, ಅಷ್ಟು ದೊಡ್ಡದು. ಬೀದಿಯವರೆಲ್ಲ ಅವರನ್ನು ಮಾಸ್ಟರ್ ಅಂತಲೇ ಕರೆಯುತ್ತಿದ್ದರು. ನನಗೆ ಭಾವ. ನಾನೂ ಅದೇ ಬೇಕರಿಯಲ್ಲಿದ್ದೇನೆ. ಬ್ರೆಡ್ಡು ಕತ್ತರಿಸುವುದು, ಕವರಿಗೆ ಹಾಕುವುದು, ವ್ಯಾನಿನಲ್ಲಿ ಅಂಗಡಿಗಳಿಗೆ ಇಳಿಸಿ ಬರುವುದು ನನ್ನ ಕೆಲಸ. ಹಿಟ್ಟು ಮತ್ತು ಬೆಂಕಿ ಅವರದು.

ಅವರದು ಮಾತು ಕಮ್ಮಿ. ಮೊಣಕೈವರೆಗೆ ಸುಟ್ಟ ಗುರುತುಗಳು. ಹುಬ್ಬಿನ ಕೂದಲು ಭಟ್ಟಿಯ ಝಳಕ್ಕೆ ಉದುರಿಹೋಗಿ ಮತ್ತೆ ಬಂದೇ ಇರಲಿಲ್ಲ. ಹಿಟ್ಟು ಕಲಸುವ ಹಳೇ ಮಿಷನ್ನು ದಿನವಿಡೀ ಗೊಣಗುತ್ತಿತ್ತು. ಅದಕ್ಕೆ ಅವರು ಅತ್ತೆ ಅಂತ ಹೆಸರಿಟ್ಟಿದ್ದರು.

"ಅತ್ತೆಗೆ ಸ್ವಲ್ಪ ಎಣ್ಣೆ ಬಿಡೋ" ಅನ್ನುತ್ತಿದ್ದರು ನನಗೆ. ಆಮೇಲೆ ನನ್ನ ಮುಖ ನೋಡಿ, "ನಿಮ್ಮಮ್ಮನಿಗೆ ಹೇಳ್ಬೇಡ."

ಮಿಷನ್ನು ನಿಂತ ಮೇಲೆ ಹಿಟ್ಟನ್ನು ಮರದ ತೊಟ್ಟಿಗೆ ಸುರಿಯುತ್ತಿದ್ದರು. ಆಮೇಲೆ ಒಂದು ಉಗುರಿನಷ್ಟು ಕಿತ್ತು ಬಾಯಿಗೆ ಹಾಕಿಕೊಳ್ಳುವರು. ಮುಂದಿನ ಹಲ್ಲಿನಲ್ಲಿ ಅಗಿಯುವರು. ಕಣ್ಣು ಗೋಡೆಯ ಮೇಲೆ ಇರುತ್ತಿತ್ತು, ಆದರೆ ಗೋಡೆ ನೋಡುತ್ತಿರಲಿಲ್ಲ. ಆಮೇಲೆ ಮೂಲೆಯ ಬಕೆಟ್ಟಿಗೆ ಉಗಿದು, "ಉಪ್ಪು ಒಂದು ಚಿಟಿಕೆ" ಅನ್ನುವರು. ಇಲ್ಲವೇ, "ಇವತ್ತು ಬೇಗ ಏಳುತ್ತೆ, ಭಟ್ಟಿಗೆ ಸೌದೆ ಹಾಕಿ" ಅನ್ನುವರು. ಅವರು ಹೇಳಿದ ಮೇಲೆ ಆಯಿತು. ಅವರಿಗೆ ಕೆಲಸ ಕಲಿಸಿದ ಹಳೇ ಮಾಸ್ಟರೂ ಹೀಗೇ ಮಾಡುತ್ತಿದ್ದರಂತೆ. ನಾನು ಕಂಡ ಭಟ್ಟಿ ಮಾಸ್ಟರುಗಳೆಲ್ಲ ಹೀಗೇ ಮಾಡುತ್ತಾರೆ. ಅದು ಯಾರಿಗೂ ವಿಶೇಷವಲ್ಲ. ಬಡಗಿ ಹಲಗೆಯ ಮೇಲೆ ಕೈ ಆಡಿಸಿ ನೋಡಿದ ಹಾಗೆ.

ಭಾವ ಸೊರಗತೊಡಗಿದ್ದು ಯಾವಾಗ ಅಂತ ನಮಗೆ ಗೊತ್ತಾಗಲಿಲ್ಲ. ಭಟ್ಟಿಯ ಮುಂದೆ ನಿಲ್ಲುವವರು ದಪ್ಪ ಆಗುವುದಿಲ್ಲ ಅಂತ ನಾವೇ ಅಂದುಕೊಂಡಿದ್ದೆವು. ಹೊಟ್ಟೆ ಉಬ್ಬುತ್ತಿತ್ತು. ಕೆಲಸದ ಮಧ್ಯೆ ಓಡಿ ಓಡಿ ಹಿತ್ತಿಲ ಕಡೆ ಹೋಗುತ್ತಿದ್ದರು. ಬನ್ನು ಮಾಡುವವನು ನಗುತ್ತಿದ್ದ. "ಮಾಸ್ಟರು ಬ್ರಾಂಚ್ ಆಫೀಸಿಗೆ ಹೋಗಿದ್ದಾರೆ, ಯಾರಾದ್ರೂ ಬಂದ್ರೆ ಕೂರಿಸಿ." ಭಾವನೂ ನಗುತ್ತಿದ್ದರು. ಮೊದಮೊದಲು.

ಒಂದು ದಿನ ಬ್ರೆಡ್ಡು ತೆಗೆಯುವ ಉದ್ದ ಹಲಗೆ ಹಿಡಿದುಕೊಂಡೇ ಕುಸಿದರು. ಹಲಗೆ ಅಡ್ಡ ಬಿದ್ದಿದ್ದಕ್ಕೆ ಮುಖ ಭಟ್ಟಿಯ ಬಾಯಿಗೆ ತಗುಲಲಿಲ್ಲ. ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ಪಕ್ಕದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆ.

ಮೈಯಲ್ಲಿ ರಕ್ತವೇ ಇಲ್ಲ ಅಂದರು. ಬಾಯಿಂದ ಪೈಪು ಬಿಟ್ಟು ಕರುಳು ನೋಡಿದರು. ಡಾಕ್ಟರಮ್ಮ ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. ಕಾಯಿಲೆಯ ಹೆಸರು ಸೀಲಿಯಾಕ್.

"ಗೋಧಿಯೊಳಗೆ ಒಂದು ಅಂಟು ಇರುತ್ತೆ. ಹಿಟ್ಟು ನಾದಿದಾಗ ಎಳೆ ಎಳೆಯಾಗಿ ಬರುತ್ತಲ್ಲ, ಅದೇ. ನಿಮ್ಮ ಮೈ ಅದನ್ನ ವೈರಿ ಅಂದ್ಕೊಂಡಿದೆ. ಅದರ ಜೊತೆ ಜಗಳ ಆಡೋಕೆ ಹೋಗಿ ನಿಮ್ಮ ಕರುಳನ್ನೇ ಸವೆಸಿ ಹಾಕಿದೆ. ಉಂಡಿದ್ದು ಮೈಗೆ ಹತ್ತಲ್ಲ."

"ಆ ಅಂಟಿಲ್ದೆ ಬ್ರೆಡ್ಡೇ ಏಳಲ್ಲ ಡಾಕ್ಟ್ರೇ" ಅಂದರು ಭಾವ.

"ಬ್ರೆಡ್ಡಿನ ವಿಷಯ ಅಲ್ಲ ಮಾಸ್ಟರೇ. ನಿಮ್ಮ ವಿಷಯ ಹೇಳ್ತಿದ್ದೀನಿ."

ಇದಕ್ಕೆ ಔಷಧಿ ಇಲ್ಲ, ಗೋಧಿ ಬಿಡುವುದೇ ಔಷಧಿ ಅಂದರು. ಬಿಡದಿದ್ದರೆ ಮೂಳೆ ಟೊಳ್ಳಾಗುತ್ತದೆ, ಕರುಳಲ್ಲಿ ಕೆಟ್ಟ ಗಡ್ಡೆ ಬರುವುದೂ ಉಂಟು ಅಂದರು. ಆಮೇಲೆ ಕೇಳಿದರು, "ಕೆಲಸ ಬದಲಾಯಿಸೋಕೆ ಆಗುತ್ತಾ?"

ಭಾವ ತಮ್ಮ ಸುಟ್ಟ ಕೈ ತಿರುಗಿಸಿ ನೋಡಿಕೊಂಡರು. "ಬೇರೇದು ನಂಗೆ ಬರಲ್ಲ" ಅಂದರು.

"ಹಾಗಾದ್ರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹಿಟ್ಟಿನ ಧೂಳು ಒಳಗೆ ಹೋಗಬಾರದು. ತಿನ್ನೋದಂತೂ ಒಂದು ಚೂರೂ ಬೇಡ."

ಅಕ್ಕ ಮನೆಗೆ ಬಂದವಳೇ ಅಡುಗೆಮನೆ ಖಾಲಿ ಮಾಡಿದಳು. ರಸ್ಕಿನ ಡಬ್ಬ, ಬಿಸ್ಕತ್ತಿನ ಡಬ್ಬ ಪಕ್ಕದ ಮನೆಗೆ ಹೋದವು. ಪೂರಿ ಕರಿಯುತ್ತಿದ್ದ ಹಳೇ ಬಾಣಲೆಯೂ ಹೋಯಿತು. ಅಕ್ಕಿ, ಜೋಳ, ಬೇಳೆ, ತರಕಾರಿ, ಇಷ್ಟೇ ಒಳಗೆ. ಬೇಕರಿಯವನ ಮನೆಯಲ್ಲಿ ಬ್ರೆಡ್ಡಿಲ್ಲ ಅಂತ ಬೀದಿಯವರು ತಮಾಷೆ ಮಾಡಿದರು. ಬೇಕರಿಯಲ್ಲಿ ಭಾವ ಮಿಷನ್ನಿಗೆ ಹಿಟ್ಟು ಸುರಿಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವರು, ಧೂಳು ಅಡಗಿದ ಮೇಲೆ ಬಿಚ್ಚುವರು. ಮೊದಲ ಭಟ್ಟಿಯ ಬ್ರೆಡ್ಡಿನ ತುದಿ ಕತ್ತರಿಸಿ ಬಿಸಿಯಾಗಿ ತಿನ್ನುವುದು ಅವರಿಗೆ ಮೊದಲಿಂದಲೂ ರೂಢಿ. ಅದನ್ನು ಅವತ್ತೇ ಬಿಟ್ಟರು. ತುದಿ ಕತ್ತರಿಸಿ ನನ್ನ ಕೈಗೆ ಕೊಡುವರು. ನಾನು ತಿನ್ನುವುದನ್ನು ನೋಡುತ್ತಿರಲಿಲ್ಲ.

ಒಂದು ವರ್ಷ ಕಳೆಯಿತು, ಇನ್ನೂ ಮೇಲೆ ಹೋಯಿತು. ಹೊಟ್ಟೆ ಹಾಗೇ. ಮೈ ಹಾಗೇ. ರಕ್ತ ಪರೀಕ್ಷೆ ಮಾಡಿದರೆ ಗೋಧಿ ಇನ್ನೂ ಒಳಗೆ ಹೋಗುತ್ತಿದೆ ಅಂತ ಬರುತ್ತಿತ್ತು. ಡಾಕ್ಟರಮ್ಮ ಕೇಳಿದರು, "ಎಲ್ಲಾದ್ರೂ ತಿಂತಿದ್ದೀರಾ?"

"ಇಲ್ಲಮ್ಮ."

"ಚೂರೂ?"

"ಒಂದು ಚೂರೂ ನುಂಗಿಲ್ಲ."

ಅದು ನಿಜ. ಆದರೆ ಅಕ್ಕ ನಂಬಲಿಲ್ಲ. ಅಂಗಿ ಒಗೆಯುವಾಗ ಜೇಬು ಒಳಹೊರಗು ಮಾಡಿ ಮೂಸಿ ನೋಡುತ್ತಿದ್ದಳು. ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಇಬ್ಬರಿಗೂ ಹತ್ತಿಕೊಂಡಿತ್ತು.

"ಹೇಳಿಬಿಡ್ರೀ. ನಾನೇನು ಹೊಡೀತೀನಾ? ಒಂದು ಬನ್ನು ತಿಂದೆ ಅನ್ನಿ, ಮುಗೀತು."

"ತಿಂದಿಲ್ಲ ಕಣೇ."

"ಹಾಗಿದ್ರೆ ಆ ರಕ್ತ ಸುಳ್ಳು ಹೇಳುತ್ತಾ? ಡಾಕ್ಟ್ರು ಸುಳ್ಳು, ಮಿಷನ್ನು ಸುಳ್ಳು, ನೀವೊಬ್ರೇ ಸತ್ಯವಂತರು!"

"ನಿನ್ನ ಆಣೆ."

"ನನ್ನ ಮೇಲೆ ಆಣೆ ಇಡ್ಬೇಡಿ. ಅಷ್ಟು ಆಯಸ್ಸು ನಂಗಿಲ್ಲ." ಅಂದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಭಾವ ನನ್ನ ಕಡೆ ನೋಡಿದರು. "ನೀನು ದಿನಾ ಜೊತೇಲಿರ್ತೀಯ. ನೀನಾದ್ರೂ ಹೇಳು."

"ಭಾವ ತಿಂದಿಲ್ಲ ಅಕ್ಕ" ಅಂದೆ. ಒಳಗೆ ಪಾತ್ರೆ ಕುಕ್ಕಿದ ಸದ್ದು ಬಂತು. ಗಂಡನ ಮಾತು ನಂಬದವಳು ತಮ್ಮನ ಮಾತು ನಂಬುತ್ತಾಳೆಯೇ.

ಆ ಸಲ ಡಾಕ್ಟರಮ್ಮ ಎರಡು ದಾರಿ ಹೇಳಿದರು. ಒಂದು, ಬೇಕರಿ ಬಿಡುವುದು. ಇನ್ನೊಂದು, ಒಂದು ಹೊಸ ಮಾತ್ರೆಯ ಪರೀಕ್ಷೆ ನಡೆಯುತ್ತಿದೆ, ಅದಕ್ಕೆ ಸೇರುವುದು. ಗೋಧಿ ಬಿಟ್ಟರೂ ವಾಸಿಯಾಗದ ದೊಡ್ಡವರಿಗೆ ಅಂತಲೇ ಆ ಪರೀಕ್ಷೆ. ಗೊತ್ತಿಲ್ಲದೆ ಒಳಗೆ ಹೋದ ಚೂರು ಪಾರು ಗೋಧಿ ಕರುಳನ್ನು ಕೆಡಿಸದ ಹಾಗೆ ಆ ಮಾತ್ರೆ ತಡೆಯಬಹುದು ಅಂತ ಅದನ್ನು ಮಾಡಿದ ಕಂಪನಿಯವರ ಆಸೆ. "ತಡೆದೇ ತಡೆಯುತ್ತೆ ಅಂತ ನಾನು ಹೇಳಲ್ಲ. ಅದು ಗೊತ್ತಾಗಲಿ ಅಂತಾನೇ ಪರೀಕ್ಷೆ" ಅಂದರು.

ಭಾವನಿಗೆ ಅಷ್ಟೇ ಸಾಕಾಯಿತು. "ಕೆಲಸ ಮಾಡ್ಕೊಂಡೇ ನುಂಗಬಹುದಾ?"

"ಈಗ ಹೇಗಿದ್ದೀರೋ ಹಾಗೇ ಇರ್ಬೇಕು. ಏನೂ ಬದಲಾಯಿಸೋ ಹಾಗಿಲ್ಲ."

"ನನ್ನ ಸೇರಿಸ್ಕೊಳ್ಳಿ" ಅಂದರು ಭಾವ.

ಮಾತ್ರೆ ಕೊಡುತ್ತಿದ್ದವರು ಒಬ್ಬರು ಸಿಸ್ಟರ್. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲಿಕ್ಕೆ ಅದೇ ಥರ ಇರುವ ಖಾಲಿ ಮಾತ್ರೆ, ಒಳಗೆ ಔಷಧಿ ಇರುವುದಿಲ್ಲ. ಯಾರಿಗೆ ಯಾವುದು ಅಂತ ಸಿಸ್ಟರಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ.

"ಇದೇನು ಸಿಸ್ಟರೇ, ಕಣ್ಣಾಮುಚ್ಚಾಲೆ?" ಅಂದೆ ನಾನು.

"ಹೌದು ಅಣ್ಣ. ಗೊತ್ತಿದ್ರೆ ಮನಸ್ಸು ಮೋಸ ಮಾಡುತ್ತೆ. ಅದಕ್ಕೇ." ಆಮೇಲೆ ಭಾವನ ಕಡೆ ತಿರುಗಿ, "ಮಾಸ್ಟರೇ, ದಿನಕ್ಕೆ ಮೂರು ಹೊತ್ತು. ಊಟಕ್ಕೆ ಸ್ವಲ್ಪ ಮುಂಚೆ ನುಂಗಬೇಕು. ನುಂಗಿದ ಮೇಲೆ ಊಟದ ತನಕ ನೀರು ಬಿಟ್ಟು ಬಾಯಿಗೆ ಏನೂ ಹಾಕೋ ಹಾಗಿಲ್ಲ. ಏನೂ ಅಂದ್ರೆ ಏನೂ."

"ಬೀಡಿ?"

"ಬೀಡಿನೂ ಇಲ್ಲ."

"ಸೇದಲ್ಲ. ಸುಮ್ನೆ ಕೇಳ್ದೆ" ಅಂದರು ಭಾವ. ಅವರು ತಮಾಷೆ ಮಾಡಿ ಬಹಳ ದಿನವಾಗಿತ್ತು. ಅಕ್ಕ ತಲೆ ತಗ್ಗಿಸಿ ನಕ್ಕಳು.

ನಮ್ಮ ಕೆಲಸದಲ್ಲಿ ಊಟದ ಹೊತ್ತನ್ನು ಹಿಟ್ಟೇ ಹೇಳುತ್ತದೆ. ಕಲಸಿ ತೊಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದ ಮೇಲೆ ಅದು ಏಳುವ ತನಕ ನಮಗೆ ಬಿಡುವು. ಆಗಲೇ ಉಣ್ಣುವುದು. ಬೆಳಗಿನ ಬ್ರೆಡ್ಡಿಗೂ ಹಾಗೇ, ಮಧ್ಯಾಹ್ನದ ಬನ್ನಿಗೂ ಹಾಗೇ, ಸಂಜೆಯ ರಸ್ಕಿಗೂ ಹಾಗೇ. ಊಟಕ್ಕೆ ಮುಂಚೆ ಅಂದರೆ ಅತ್ತೆ ಗೊಣಗುವ ಹೊತ್ತು. ಮಿಷನ್ನಿನ ಸ್ವಿಚ್ಚು ಹಾಕಿ ಭಾವ ಮಾತ್ರೆ ನುಂಗುತ್ತಿದ್ದರು. ಕಣ್ಣು ಮುಚ್ಚಿ ನುಂಗುತ್ತಿದ್ದರು. ಆಮೇಲೆ ತುಟಿ ಬಿಗಿದುಕೊಂಡರೆ ತುತ್ತು ಎತ್ತುವ ತನಕ ಬಿಚ್ಚುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಸಿಸ್ಟರ್ ಮಾತಾಡಬೇಡಿ ಅಂದಿರಲಿಲ್ಲ.

ಹಿಟ್ಟಿನ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಉಗುರಿನಷ್ಟು ಕಿತ್ತು ನನ್ನ ಕಡೆ ಚಾಚುವರು, ಹುಬ್ಬಿಲ್ಲದ ಹುಬ್ಬು ಎತ್ತುವರು.

"ಸರಿ ಇದೆ ಭಾವ."

ತಲೆ ಅಲ್ಲಾಡಿಸುವರು. ಸರಿ ಇದೆ ಅನ್ನುವುದು ಉತ್ತರವಲ್ಲ ಅಂತ.

"ಉಪ್ಪು ಇದೆ."

ಹಣೆ ಚಚ್ಚಿಕೊಳ್ಳುವರು. ಬನ್ನು ಮಾಡುವವನು ಬಿದ್ದು ಬಿದ್ದು ನಗುವನು. "ಮಾಸ್ಟರೇ, ಇವನ ನಾಲಿಗೆ ಅಲ್ಲ ಅದು, ಚಪ್ಪಲಿ ಅಟ್ಟೆ!"

ಆ ದಿನಗಳಲ್ಲಿ ಬ್ರೆಡ್ಡು ಒಂದೊಂದು ದಿನ ಒಂದೊಂದು ಥರ ಬಂತು. ಅಂಗಡಿಯವರು ನನ್ನನ್ನು ಕೇಳಿದರು. ಬೇಕರಿಯ ಯಜಮಾನರು ಭಾವನನ್ನು ಕೇಳಲಿಲ್ಲ. ಕಾಯಿಲೆಯವರು, ಇರಲಿ ಅಂತ ಸುಮ್ಮನಿದ್ದರು.

ಆದರೆ ಭಾವ ಸುಧಾರಿಸುತ್ತಿದ್ದರು. ಮೊದಲು ಹಿತ್ತಿಲಿಗೆ ಓಡುವುದು ನಿಂತಿತು. ಆಮೇಲೆ ಮುಖಕ್ಕೆ ಬಣ್ಣ ಬಂತು. ಮೈದಾ ಮೂಟೆಯನ್ನು ಮತ್ತೆ ತಾವೇ ಹೊರತೊಡಗಿದರು. ಅಕ್ಕ ಜೇಬು ಮೂಸುವುದನ್ನು ಬಿಟ್ಟಳು. ಒಂದು ಸಲ ಹೋದಾಗ ಅವರ ಪ್ಯಾಂಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಸೂಜಿ ಬಾಯಲ್ಲಿಟ್ಟುಕೊಂಡು ನನಗೆ ತೋರಿಸಿದಳು. ಅವಳ ಕಣ್ಣು ತುಂಬಿತ್ತು.

ಆಸ್ಪತ್ರೆಯಲ್ಲಿ ಭಾವನ ಜೊತೆಗೆ ಒಬ್ಬ ಟೈಲರೂ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಸೇರಿದ್ದೂ ಒಟ್ಟಿಗೇ. ಒಣಕಲು ಮನುಷ್ಯ, ಬಾಯಿ ಜೋರು. ಭಾವನನ್ನು ಕಂಡ ಕೂಡಲೇ ಕಣ್ಣಿನಲ್ಲೇ ಅಳತೆ ತೆಗೆಯುತ್ತಿದ್ದ.

"ಸೊಂಟ ಬಂತು ಮಾಸ್ಟರೇ! ಎದೆನೂ ಬಂತು. ನಿಮಗೆ ಅಸಲಿ ಮಾತ್ರೆ ಬಿದ್ದಿದೆ. ನಂಗೆ ನೋಡಿ, ಹ್ಯಾಂಗರಿಗೆ ಅಂಗಿ ನೇತಾಕಿದ ಹಾಗಿದ್ದೀನಿ. ನಂದು ಖಾಲಿ."

"ನಿಮಗೂ ಹಿಡಿಯುತ್ತೆ, ಇರಿ" ಅನ್ನುತ್ತಿದ್ದರು ಭಾವ. ನಿಜವಾಗಿಯೂ ಪಾಪ ಅನ್ನಿಸುತ್ತಿತ್ತು ಅವರಿಗೆ. ಬರುವಾಗ ವ್ಯಾನಿನಲ್ಲಿ, "ಆ ಟೈಲರಿಗೂ ಒಂದು ನಾಲ್ಕು ಅಸಲಿ ಕೊಡಬಾರದಾ ಇವ್ರು" ಅಂದರು. ಇನ್ನೊಂದು ಬೀದಿ ದಾಟಿದ ಮೇಲೆ ಅವರೇ ಅಂದರು, "ಕೈಕಾಲು ಆಡೋ ತನಕ ಭಟ್ಟಿ ಮುಂದೆ ಇರ್ತೀನಿ ಕಣೋ. ಈಗ ಧೈರ್ಯ ಬಂತು."

ಪರೀಕ್ಷೆ ಮುಗಿಯುವ ಮುಂಚೆಯೇ ಒಂದು ದಿನ ಸಿಸ್ಟರ್ ಫೋನ್ ಮಾಡಿದರು. ಉಳಿದ ಮಾತ್ರೆಯೆಲ್ಲ ತೆಗೆದುಕೊಂಡು ಬನ್ನಿ ಅಂದರು. ಹೋದೆವು. ಟೈಲರೂ ಇದ್ದ. ಡಾಕ್ಟರಮ್ಮ ಎದ್ದು ನಿಂತೇ ಹೇಳಿದರು.

"ಕಂಪನಿಯವರು ಪರೀಕ್ಷೆ ನಿಲ್ಲಿಸಿದ್ದಾರೆ. ಎಲ್ಲ ಊರುಗಳಲ್ಲೂ ನಿಂತಿದೆ. ಮಾತ್ರೆಯಿಂದ ತೊಂದರೆ ಆಗಿಲ್ಲ, ಭಯ ಬೇಡ. ಆದ್ರೆ ಉಪಯೋಗನೂ ಆಗಿಲ್ಲ. ಖಾಲಿ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಕಾಣ್ತಿಲ್ಲ."

ಭಾವ ಅರ್ಥವಾಗದವರ ಹಾಗೆ ನೋಡಿದರು. "ನಂಗೆ ಉಪಯೋಗ ಆಯ್ತಲ್ಲ."

"ಮಾಸ್ಟರೇ..."

"ನೋಡಿ ನನ್ನ." ಅಂಗಿಯ ತೋಳು ಮೇಲೆ ಎಳೆದರು. "ಮೂಟೆ ಹೊರ್ತೀನಿ. ಕೇಳಿ ಬೇಕಾದ್ರೆ ಇವನ್ನ. ಎಲ್ಲರಿಗೂ ಬೇಡ, ಯಾರಿಗೆ ಹಿಡಿದಿದೆಯೋ ಅವರಿಗೆ ಕೊಡಿ. ನಂಗೆ ಕೊಡಿ."

ಡಾಕ್ಟರಮ್ಮ ಕುಳಿತರು. ಮುಂದೆ ಹೇಳುವುದು ಅವರಿಗೂ ಕಷ್ಟವಾಯಿತು ಅಂತ ಕಾಣುತ್ತದೆ. "ಇವತ್ತು ಯಾರಿಗೆ ಯಾವುದು ಅಂತ ಹೇಳಿದ್ದಾರೆ. ನಿಮ್ಮದು ಖಾಲಿ ಮಾತ್ರೆ. ಮೊದಲಿಂದ ಕೊನೇ ತನಕ ಖಾಲಿ."

ಟೈಲರ್ ನಗಲು ಹೋಗಿ ನಿಲ್ಲಿಸಿದ. "ಹಾಗಾದ್ರೆ ನಂದು?"

"ನಿಮ್ಮದು ಅಸಲಿ."

"ಅಯ್ಯೋ ದೇವರೇ" ಅಂದ ಟೈಲರ್. "ಔಷಧಿ ತಿಂದವನು ನಾನು, ಗಟ್ಟಿಯಾದವರು ಇವರು. ಇದ್ಯಾವ ನ್ಯಾಯ ಡಾಕ್ಟ್ರೇ?" ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಡಾಕ್ಟರಮ್ಮ ಭಾವನ ರಕ್ತ ಪರೀಕ್ಷೆ ತೋರಿಸಿದರು. ಗೋಧಿಯ ವೈರ ನಿಜವಾಗಿಯೂ ಇಳಿದಿತ್ತು. "ಇದು ಬರೀ ನಂಬಿಕೆಯಿಂದ ಆಗೋದಲ್ಲ. ಮುಂಚೆ ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಿತ್ತು. ಈಗ ನಿಂತಿದೆ. ಏನು ಬದಲಾಯಿತು? ಯೋಚನೆ ಮಾಡಿ."

"ಏನೂ ಬದಲಾಗಿಲ್ಲ. ನೀವೇ ಬದಲಾಯಿಸಬೇಡಿ ಅಂದಿದ್ರಿ" ಅಂದರು ಭಾವ.

ಬರುವಾಗ ವ್ಯಾನಿನಲ್ಲಿ, ಮನೆಗೆ ಹೋಗೋಣ ಅಂದೆ. ಬೇಡ, ಮಧ್ಯಾಹ್ನದ ಹಿಟ್ಟು ಇದೆ ಅಂದರು.

ಬೇಕರಿಗೆ ಬಂದು ಕೈ ತೊಳೆದರು. ಮಿಷನ್ನು ಹಾಕಿದರು. ಕೈ ಜೇಬಿಗೆ ಹೋಯಿತು, ಅಲ್ಲಿ ಮಾತ್ರೆ ಇರಲಿಲ್ಲ, ವಾಪಸ್ಸು ಬಂತು. ಮಿಷನ್ನು ನಿಂತ ಮೇಲೆ ಹಿಟ್ಟನ್ನು ತೊಟ್ಟಿಗೆ ಸುರಿದರು. ಉಗುರಿನಷ್ಟು ಕಿತ್ತರು. ನಾನು ಕೈ ಚಾಚಿದೆ. ಅವರು ನೋಡಲಿಲ್ಲ. ತಮ್ಮ ಬಾಯಿಗೇ ಹಾಕಿಕೊಂಡರು. ಮುಂದಿನ ಹಲ್ಲಿನಲ್ಲಿ ಅಗಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖ ಅವರ ಮುಖದ ಹಾಗೆ ಆಯಿತು.

ನಾನು ನನ್ನ ಖಾಲಿ ಕೈ ನೋಡಿದೆ, ಅವರ ಬಾಯಿ ನೋಡಿದೆ.

"ಭಾವ. ಇದು."

"ಹೂಂ?"

"ಇದೇ ಭಾವ. ಡಾಕ್ಟ್ರು ಕೇಳಿದ್ದು ಇದೇ."

ಅವರು ಅಗಿಯುವುದನ್ನು ನಿಲ್ಲಿಸಿದರು. ಹಿಟ್ಟು ಬಾಯಲ್ಲೇ ಇತ್ತು. "ಇದು ತಿನ್ನೋದಲ್ಲ ಕಣೋ. ಉಗೀತೀನಲ್ಲ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ಮೂರು ಹೊತ್ತು, ಹಿಟ್ಟು ಕಲಸಿದಾಗಲೆಲ್ಲ ಒಂದು ಉಗುರಿನಷ್ಟು. ಉಗಿದರೂ ಜೊಲ್ಲಿನ ಜೊತೆ ಎಷ್ಟು ಒಳಗೆ ಹೋಗಿರಬೇಡ. ಅವರಿಗೂ ಹೊಳೆಯಿತು. ಬಕೆಟ್ಟಿನ ಹತ್ತಿರ ಹೋಗಿ ಉಗಿದರು. ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು. ಬಹಳ ಹೊತ್ತು ನೀರಿನ ಶಬ್ದವೇ ಕೇಳುತ್ತಿತ್ತು. ಹಿಟ್ಟು ತೊಟ್ಟಿಯಲ್ಲಿ ಬಟ್ಟೆ ಇಲ್ಲದೆ ಸಿಪ್ಪೆಗಟ್ಟಿತು. ಅವರ ಕೈಯಲ್ಲಿ ಹಿಟ್ಟು ಹಾಗೆ ಆಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆ ಅಕ್ಕನಿಗೆ ಅವರೇ ಹೇಳಿದರು. ಅವಳು ಬೈಯಲಿಲ್ಲ. "ನಾನು ನಿಮ್ಮನ್ನ ಕಳ್ಳ ಅಂದೆನಲ್ಲ" ಅಂತ ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಗೊತ್ತಾಯ್ತಲ್ಲ, ಇನ್ನೇನು? ಬಾಯಿಗೆ ಹಾಕಬೇಡಿ, ಕೆಲಸ ಮಾಡಿ" ಅಂದಳು.

ನಾವೂ ಹಾಗೇ ಅಂದುಕೊಂಡೆವು.

ಆದರೆ ಅವರಿಂದ ಆಗಲಿಲ್ಲ. ಮಾತ್ರೆ ನುಂಗುತ್ತಿದ್ದಾಗ ಬಾಯಿಗೆ ಒಂದು ಕಾವಲು ಇತ್ತು. ಈಗ ಇರಲಿಲ್ಲ. ಮನಸ್ಸು ಬೇಡ ಅನ್ನುವ ಮುಂಚೆ ಕೈ ಹೋಗಿರುತ್ತಿತ್ತು. ಒಂದು ದಿನ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚದೆ ಹಾಗೇ ಬಿಟ್ಟರು. ಹಿಟ್ಟಿನ ಕೈ ಬಟ್ಟೆಗೆ ಬಂದು ಬಡಿಯಿತು. ಬಟ್ಟೆಯ ಮೇಲೆ ಬಿಳೀ ಗುರುತು ನೋಡಿ ಬನ್ನು ಮಾಡುವವನು ನಗಲಿಲ್ಲ. ಭಟ್ಟಿಯ ಮುಂದೆ ಆ ಬಟ್ಟೆಯಲ್ಲಿ ಉಸಿರು ಸಿಕ್ಕಿಕೊಂಡಿತು, ಕಿತ್ತು ಹಾಕಿದರು. ಇನ್ನೊಂದು ದಿನ ನಾನು ಪಕ್ಕದಲ್ಲೇ ನಿಂತು ಕಾದೆ. ಒಂದು ಅಂಗಡಿಯವರು ಫೋನ್ ಮಾಡಿದರು, ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಅವರು ಅಗಿಯುತ್ತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಹೊಟ್ಟೆಯ ಕಾಟ ಮೆಲ್ಲಗೆ ಮತ್ತೆ ಶುರುವಾಯಿತು.

ಆಸ್ಪತ್ರೆಗೆ ಹೋಗೋಣ ಬಾ ಅಂದರು ಒಂದು ಮಧ್ಯಾಹ್ನ. ಡಾಕ್ಟರಮ್ಮನ ಹತ್ತಿರ ಅಂದುಕೊಂಡೆ. ಅಲ್ಲ, ಸಿಸ್ಟರ್ ಹತ್ತಿರ.

"ಸಿಸ್ಟರಮ್ಮ, ಆ ಮಾತ್ರೆ ಬೇಕಾಗಿತ್ತು."

"ಮಾಸ್ಟರೇ, ಅದು ನಿಂತುಹೋಯ್ತಲ್ಲ. ಅದರಿಂದ ಏನೂ..."

"ಅಸಲಿ ಬೇಡ. ಖಾಲಿದು ಕೊಡಿ."

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಅದರಲ್ಲಿ ಏನೂ ಇಲ್ಲ ಮಾಸ್ಟರೇ."

"ಗೊತ್ತಮ್ಮ. ನಂಗೆ ಚೆನ್ನಾಗಿ ಗೊತ್ತು. ಅದನ್ನ ನುಂಗಿದ್ರೆ ನನ್ನ ಕೈ ಮೇಲೆ ಬರ್ತಿರಲಿಲ್ಲ. ನೀವು ಹೇಳಿದ್ರಲ್ಲ, ಏನೂ ಅಂದ್ರೆ ಏನೂ ಅಂತ. ಅದು ಕೇಳಿಸ್ತಿತ್ತು."

ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. "ಒಂದೂ ಉಳಿದಿಲ್ಲ. ಎಲ್ಲ ಕಂಪನಿಗೆ ವಾಪಸ್ ಹೋಯ್ತು. ನಿಮಗೆ ಬೇರೇ ಯಾವುದಾದ್ರೂ ವಿಟಮಿನ್ ಮಾತ್ರೆ ಕೊಡ್ಲಾ?"

ಭಾವ ಸ್ವಲ್ಪ ಯೋಚಿಸಿದರು. "ಬೇಡಮ್ಮ. ಬೇರೇದು ಅದಾಗಲ್ಲ" ಅಂದರು. ಕೈ ಮುಗಿದು ಹೊರಗೆ ಬಂದರು.

ವ್ಯಾನು ಹತ್ತಿದ ಮೇಲೆ ಅಂದರು, "ಯಜಮಾನರಿಗೆ ನಾಳೆ ಹೇಳ್ತೀನಿ."

ಯಜಮಾನರು ಬಹಳ ಒತ್ತಾಯ ಮಾಡಿದರು. ಕೌಂಟರಿನಲ್ಲಿ ಕೂತುಕೊಳ್ಳಿ ಮಾಸ್ಟರೇ, ಕುರ್ಚಿ ಹಾಕಿಸ್ತೀನಿ ಅಂದರು. ಒಳಗೆ ಹಿಟ್ಟು ಕಲಸುವ ಸದ್ದು ಕೇಳಿಸುವ ಕಡೆ ಸುಮ್ಮನೆ ಕೂರುವುದು ತಮ್ಮಿಂದ ಆಗುವುದಿಲ್ಲ ಅಂದರು ಭಾವ. ಕೊನೆಯ ದಿನ ಭಟ್ಟಿಯ ಬೂದಿ ತಾವೇ ಎಳೆದರು. ನೆಲ ಗುಡಿಸಿದರು. ಹೊಸ ಮಾಸ್ಟರಿಗೆ ಭಟ್ಟಿಯ ಎಡಮೂಲೆ ಹೆಚ್ಚು ಕಾಯುತ್ತದೆ, ಅಲ್ಲಿ ಬನ್ನು ಇಡಬೇಡ ಅಂದರು. ಹಿಟ್ಟಿನ ಬಗ್ಗೆ ಏನೂ ಹೇಳಲಿಲ್ಲ. ಹೊಸಬ ಕೇಳಲೂ ಇಲ್ಲ. ಅವನು ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಹಾಕುವವನು.

ಈಗ ಭಾವ ಒಂದು ಟೈಲ್ಸ್ ಅಂಗಡಿಯ ಗೋಡೌನಿನಲ್ಲಿದ್ದಾರೆ. ಬಂದ ಲಾರಿಯಿಂದ ಡಬ್ಬ ಇಳಿಸಿಕೊಳ್ಳುವುದು, ಒಡೆದದ್ದು ಬೇರೆ ಇಡುವುದು. ಕೆಲಸ ಚೆನ್ನಾಗಿ ಮಾಡುತ್ತಾರೆ. ಮೈ ತುಂಬಿದೆ. ಹುಬ್ಬಿನ ಕೂದಲೂ ಬಂದಿದೆ. ಬೀದಿಯಲ್ಲಿ ಕಂಡವರು, "ಮಾಸ್ಟರೇ, ಹತ್ತು ವರ್ಷ ಚಿಕ್ಕವರಾದ್ರಲ್ಲ" ಅನ್ನುತ್ತಾರೆ. ಅವರು ಹೂಂ ಅನ್ನುತ್ತಾರೆ. ಮನೆಯಲ್ಲೂ ಹೂಂ. ಉಂಡರಾ ಅಂದರೂ ಹೂಂ, ಚೆನ್ನಾಗಿತ್ತಾ ಅಂದರೂ ಹೂಂ. ಒಂದು ದಿನ ಸಾರಿಗೆ ಉಪ್ಪೇ ಹಾಕಿರಲಿಲ್ಲವಂತೆ ಅಕ್ಕ. ಪೂರ್ತಿ ಉಂಡು ಎದ್ದರಂತೆ. "ಬದುಕಿದ್ದಾರಲ್ಲ ಕಣೋ, ಅಷ್ಟು ಸಾಕು ನಂಗೆ" ಅಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

ನಾನು ಹೋದರೆ ಅಕ್ಕ ಒಳಗೆ ಬಿಡುವುದಿಲ್ಲ. ನನ್ನ ಬಟ್ಟೆಯಲ್ಲಿ, ಕೂದಲಲ್ಲಿ ಮೈದಾ ಇರುತ್ತದೆ. ಅಷ್ಟರಿಂದ ಏನೂ ಆಗುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದರೂ ಅವಳು ಕೇಳುವುದಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂರಬೇಕು. ಕಾಫಿ ಅಲ್ಲಿಗೇ ಬರುತ್ತದೆ. ಮೊನ್ನೆ ಸಂಜೆ ರಸ್ಕು ಇಳಿಸಿ ನೇರ ಅಲ್ಲಿಗೆ ಹೋದೆ. ಭಾವ ಹೊರಗೆ ಬಂದು ಮೆಟ್ಟಿಲ ಆ ತುದಿಯಲ್ಲಿ ಕೂತರು. ಬೇಕರಿಯ ವಿಷಯ ಕೇಳಲಿಲ್ಲ. ನಾನೂ ಹೇಳಲಿಲ್ಲ. ಟೈಲ್ಸಿನ ಲಾರಿ ತಡವಾದ ವಿಷಯ ಒಂದಿಷ್ಟು ಹೇಳಿದರು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ಜರುಗಿ ಜರುಗಿ ನನ್ನ ಪಕ್ಕಕ್ಕೆ ಬಂದಿದ್ದರು. ಭುಜಕ್ಕೆ ಭುಜ ತಾಗಿತ್ತು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಿದ್ದರು.

ಒಳಗಿನಿಂದ ಅಕ್ಕ ಕೂಗಿದಳು. "ರೀ, ಅವನ ಹತ್ರ ಕೂರ್ಬೇಡಿ. ಮೈಯೆಲ್ಲ ಹಿಟ್ಟು. ದೂರ ಕೂತ್ಕೊಳ್ಳಿ."

"ದೂರಾನೇ ಕೂತಿದ್ದೀನಿ ಕಣೇ" ಅಂದರು ಭಾವ. ಅಲುಗಾಡಲಿಲ್ಲ.